ಕೋಟೆ ಗೋಡೆಯ ಗಿಡಕ್ಕೆ ಕೈ ಹಾಕುವ ಮುನ್ನ

ಪ್ರಶ್ನೆ: ನಾವು ಹನ್ನೆರಡು ಜನರ ಸ್ವಯಂಸೇವಕ ತಂಡ. ಒಂದು ಹಳೆಯ ಕಲ್ಲಿನ ಕೋಟೆಯಲ್ಲಿ ಕಳೆ ತೆಗೆಯಲು ಹೊರಟಿದ್ದೇವೆ. ಒಳಗೆಲ್ಲ ಲಂಟಾನ ಮತ್ತು ಬಳ್ಳಾರಿ ಜಾಲಿ. ಓಡಾಡುವ ದಾರಿಯಲ್ಲಿ ಪಾರ್ಥೇನಿಯಂ, ಹೊಂಡದ ತುಂಬ ವಾಟರ್ ಹಯಸಿಂತ್. ಗೋಡೆಯ ಸಂದುಗಳಲ್ಲಿ ಅರಳಿ, ಗೋಣಿ ಗಿಡಗಳು. ಕಳೆದ ವರ್ಷ ಎರಡು ದಿನ ಎಲ್ಲವನ್ನೂ ಕಡಿದು, ಗೋಡೆ ಪಕ್ಕ ರಾಶಿ ಹಾಕಿ ಸುಟ್ಟೆವು. ಮಳೆ ಬಿದ್ದ ಮೇಲೆ ಮೊದಲಿಗಿಂತ ಜಾಸ್ತಿ ಬಂದಿದೆ. ಜೆಸಿಬಿ ತರಿಸೋಣ ಅಂತ ಒಬ್ಬರು, ಬುಡಕ್ಕೆ ಉಪ್ಪು, ಆಸಿಡ್ ಸುರಿಯೋಣ ಅಂತ ಇನ್ನೊಬ್ಬರು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಜೆಸಿಬಿಯವರಿಗೆ ಬರಬೇಡಿ ಅಂತ ಇವತ್ತೇ ಹೇಳಿಬಿಡಿ. ಉಪ್ಪು, ಆಸಿಡ್ ಎರಡೂ ಕೋಟೆ ಬಾಗಿಲು ದಾಟಬಾರದು. ಇಷ್ಟು ಮಾಡಿದರೆ ಅರ್ಧ ಅಪಾಯ ಕಳೆಯಿತು. ಉಳಿದದ್ದಕ್ಕೆ ಅವಸರವಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಲಂಟಾನ, ಜಾಲಿ, ಪಾರ್ಥೇನಿಯಂ, ವಾಟರ್ ಹಯಸಿಂತ್ ನಾಲ್ಕೂ ಅಮೆರಿಕ ಖಂಡಗಳಿಂದ ಬಂದು ಇಲ್ಲಿ ಹಬ್ಬಿದವು. ಅರಳಿ, ಗೋಣಿ ಹಾಗಲ್ಲ. ಅವು ನಮ್ಮ ನೆಲದವೇ, ಆಕ್ರಮಣಕಾರಿ ಗಿಡಗಳ ಪಟ್ಟಿಗೆ ಬರುವುದೇ ಇಲ್ಲ. ಆದರೆ ಕಲ್ಲಿಗೆ ಕಂಟಕವಾಗಿರುವುದು ಈ ನಮ್ಮವೇ! ಬೇರಿನ ಊರು ಯಾವುದು ಅಂತ ಗೋಡೆ ಕೇಳುವುದಿಲ್ಲ. ಆದ್ದರಿಂದ ಪಟ್ಟಿ ಮಾಡುವಾಗ 'ವಿದೇಶಿ, ದೇಶಿ' ಅಂತ ವಿಂಗಡಿಸಬೇಡಿ. 'ಗೋಡೆಯಲ್ಲಿರುವುದು, ನೆಲದಲ್ಲಿರುವುದು, ನೀರಿನಲ್ಲಿರುವುದು' ಅಂತ ವಿಂಗಡಿಸಿ. ಮೂರಕ್ಕೂ ಕೆಲಸದ ರೀತಿ ಬೇರೆ.

ಮೊದಲು ಗೋಡೆಯ ಮಾತು. ತಪ್ಪಾದರೆ ಸರಿಪಡಿಸಲಾಗದ್ದು ಅಲ್ಲೇ.

ಹಕ್ಕಿಯೋ ಬಾವಲಿಯೋ ಅರಳಿಹಣ್ಣು ತಿಂದು ಗೋಡೆ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಸಾಸಿವೆಗಿಂತ ಚಿಕ್ಕ ಬೀಜ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಂದಿಷ್ಟು ಧೂಳು, ಒಂದಿಷ್ಟು ತೇವ ಇದ್ದರೆ ಸಾಕು. ಬೇರು ಮೊದಲು ಕೂದಲೆಳೆಯ ಹಾಗೆ ಒಳಗೆ ಹೋಗುತ್ತದೆ. ಸುಣ್ಣದ ಗಾರೆ ಮೆದು, ಸ್ವಲ್ಪ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಆಮೇಲೆ ಅದು ದಪ್ಪವಾಗುತ್ತಾ ಹೋಗುತ್ತದೆ. ಕಲ್ಲು ಪಕ್ಕಕ್ಕೆ ಸರಿಯುತ್ತದೆ, ಸಂದು ಅಗಲವಾಗುತ್ತದೆ, ಮಳೆನೀರು ಒಳಗಿಳಿಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಕೆಲವು ವರ್ಷ ಕಳೆದ ಮೇಲೆ, ಗೋಡೆಯನ್ನು ಒಡೆದ ಬೇರೇ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ. ಗಾರೆ ಪುಡಿಯಾಗಿ ಉದುರಿಹೋಗಿರುತ್ತದೆ. ಆ ಜಾಗದಲ್ಲಿ ಬೇರಿನ ಬಲೆ ಇರುತ್ತದೆ. ಈಗ ಬೇರು ಎಳೆದರೆ ಏನು ಬರುತ್ತದೆ ಹೇಳಿ?

ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಹಾಳುಬಿದ್ದ ಮಂಟಪದ ಅಂಚಿನಿಂದ ಹೆಬ್ಬೆರಳು ದಪ್ಪದ ಅರಳಿ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ್ದೆ. ಗಿಡ ಬರಲಿಲ್ಲ, ಅಂಚಿನ ಕಲ್ಲು ಬಂತು. ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಗಿಡ ಮಾತ್ರ ಮೇಲೆ ಅಲ್ಲಾಡುತ್ತಾ ಇತ್ತು. ಅವತ್ತಿನಿಂದ ಬೇರು ಎಳೆಯುವ ಆಸೆ ಬಿಟ್ಟಿದ್ದೇನೆ.

ಹಾಗಾದರೆ ಮಾಡುವುದು ಹೇಗೆ? ಎರಡು ಮೂರು ಎಲೆಯ ಎಳೆ ಸಸಿಯನ್ನು ಮಳೆ ನಿಂತ ಮಾರನೇ ದಿನ, ಸಂದು ಇನ್ನೂ ಒದ್ದೆ ಇರುವಾಗ, ಬೆರಳಲ್ಲೇ ಕೀಳಬಹುದು. ಇದೊಂದು ನಿಮ್ಮ ತಂಡ ಧೈರ್ಯವಾಗಿ ಮಾಡಬಹುದಾದ ಕೆಲಸ. ವರ್ಷಕ್ಕೆರಡು ಸಲ ಇಷ್ಟೇ ಮಾಡಿದರೂ ಮುಂದಿನ ತಲೆಮಾರಿನ ದೊಡ್ಡ ರಿಪೇರಿ ತಪ್ಪುತ್ತದೆ. ಕೈಗೆ ಜಗ್ಗದೇ ಇದ್ದರೆ ನಿಲ್ಲಿಸಿ. ಇನ್ನೊಂದು ಸಲ ಜೋರಾಗಿ ಎಳೆದು ನೋಡೋಣ ಅನ್ನಬೇಡಿ.

ಪೆನ್ಸಿಲ್ ದಪ್ಪ ದಾಟಿದ ಗಿಡವನ್ನು ಜಾಗದಲ್ಲೇ ಕೊಲ್ಲಬೇಕು. ಗೋಡೆಗೆ ಹತ್ತಿಕೊಂಡ ಹಾಗೆ ಗರಗಸದಲ್ಲಿ ಕೊಯ್ಯಿರಿ. ಮಚ್ಚು ಬೇಡ, ಪೆಟ್ಟಿಗೆ ಕಲ್ಲು ಅದುರುತ್ತದೆ. ಕೊಯ್ದ ಕೆಲವೇ ನಿಮಿಷಗಳಲ್ಲಿ ಬುಡದ ಹಸಿ ಭಾಗಕ್ಕೆ ಕಳೆನಾಶಕವನ್ನು ಸಣ್ಣ ಬ್ರಷ್‌ನಲ್ಲಿ ಸವರಬೇಕು. ದಪ್ಪ ಬೊಡ್ಡೆಯಾದರೆ ಸಣ್ಣ ತೂತು ಕೊರೆದು ಸಿರಿಂಜ್‌ನಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಗ್ಲೈಫೊಸೇಟ್, ಟ್ರೈಕ್ಲೋಪೈರ್ ಇದಕ್ಕೆ ಬಳಸುವ ಸಾಮಾನ್ಯ ಹೆಸರುಗಳು. ನಿಮಿಷಗಳ ಲೆಕ್ಕ ಯಾಕೆ ಅಂದರೆ, ಕೊಯ್ದ ಬಾಯಿ ಬೇಗ ಒಣಗಿ ಮುಚ್ಚಿಕೊಳ್ಳುತ್ತದೆ. ಊಟ ಮಾಡಿ ಬಂದು ಸವರಿದರೆ ಔಷಧ ಒಳಗೆ ಹೋಗುವುದಿಲ್ಲ. ಸ್ಪ್ರೇ ಮಾತ್ರ ಬೇಡವೇ ಬೇಡ. ಕಲ್ಲಿನ ಮೇಲೆ ಬಿದ್ದರೆ ಕಲೆಯಾಗಬಹುದು, ಒಳಗೆ ಉಪ್ಪು ಉಳಿಯಬಹುದು. ಚಿತ್ತಾರ, ಶಾಸನ, ಬಣ್ಣದ ಗುರುತು ಇರುವ ಕಲ್ಲಿನ ಹತ್ತಿರ ಬ್ರಷ್ ಕೂಡ ಬೇಡ. ಯಾವ ಔಷಧವಾದರೂ ಯಾರೂ ನೋಡದ ಮೂಲೆಯ ಒಂದು ಕಲ್ಲಿನ ಮೇಲೆ ಮೊದಲು ಪರೀಕ್ಷೆ ಮಾಡಿ, ಒಂದು ಮಳೆಗಾಲ ಕಾಯಬೇಕು. ಇದನ್ನು ತರಬೇತಿ ಆದವರು, ಡಬ್ಬಿಯ ಮೇಲಿನ ಸೂಚನೆ ಮತ್ತು ನಿಯಮ ನೋಡಿಕೊಂಡು ಮಾಡಲಿ. ನೀವು ಜೊತೆಗಿದ್ದು ನೋಡಿ.

ಆಮೇಲೆ ಕಾಯಬೇಕು. ಬೇರು ಪೂರ್ತಿ ಸಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಚಿಗುರಿದರೆ ಮತ್ತೆ ಕೊಯ್ದು ಸವರುವುದು. ಸತ್ತ ಬೇರು ಒಣಗಿ ಕುಗ್ಗಿದ ಮೇಲೆ, ಸಲೀಸಾಗಿ ಬರುವಷ್ಟನ್ನು ಮಾತ್ರ ತೆಗೆದು, ಪೊಳ್ಳಿಗೆ ಸುಣ್ಣದ ಗಾರೆ ತುಂಬಬೇಕು. ಗಿಡ ಕೊಂದು ಪೊಳ್ಳು ತುಂಬದೆ ಬಿಟ್ಟರೆ ಕೆಲಸ ಅರ್ಧ ಮಾತ್ರ ಅಲ್ಲ, ಮೊದಲಿಗಿಂತ ಕಷ್ಟ. ಬೇರು ಕೊಳೆತಂತೆ ಗೋಡೆಯೊಳಗೆ ಸುರಂಗವಾಗುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ.

ತುಂಬುವುದು ಸಿಮೆಂಟಿನಿಂದ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಯಾರಾದರೂ ಒಂದು ಚೀಲ ಹೊತ್ತು ತರುತ್ತಾರೆ. ಸಿಮೆಂಟ್ ಗಟ್ಟಿ, ಸುತ್ತಲಿನ ಸುಣ್ಣದ ಗಾರೆ ಮೆದು. ಗೋಡೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಎರಡೂ ಒಟ್ಟಿಗೆ ಆಡುವುದಿಲ್ಲ. ತೇವ ಸಿಮೆಂಟಿನ ಹಿಂದೆ ಸಿಕ್ಕಿಬೀಳುತ್ತದೆ. ಕೊನೆಗೆ ಸಿಮೆಂಟ್ ಉಳಿದು ಅದರ ಪಕ್ಕದ ಕಲ್ಲು ಸವೆಯುತ್ತದೆ.

ತೊಡೆ ದಪ್ಪದ ಮರ, ಅಥವಾ ಬೇರು ಗೋಡೆಯ ಈ ಕಡೆ ಹೊಕ್ಕು ಆ ಕಡೆ ಬಂದಿದ್ದರೆ, ಅದು ಸ್ವಯಂಸೇವಕರ ಕೆಲಸವಲ್ಲ. ಹಳೆಯ ಕಟ್ಟಡಗಳ ಅನುಭವ ಇರುವ ಸಂರಕ್ಷಣಾ ಎಂಜಿನಿಯರ್ ಬರಲಿ. ಅವರು ಮೊದಲು ಗೋಡೆಗೆ ಊರುಗೋಲು ಕೊಡುತ್ತಾರೆ. ಮೇಲಿನ ಕೊಂಬೆಗಳನ್ನು ಹಂತಹಂತವಾಗಿ ಇಳಿಸಿ ಗಾಳಿಯ ಹೊಡೆತ ಕಡಿಮೆ ಮಾಡುತ್ತಾರೆ. ಬುಡದ ಮಾತು ಕೊನೆಗೆ. ಕೆಲವು ಕಡೆ ಮರವನ್ನು ಉಳಿಸುವುದೇ ಸರಿ ಅಂತ ತೀರ್ಮಾನವಾಗುತ್ತದೆ. ಕಾಂಬೋಡಿಯದ ಅಂಕೋರ್‌ನಲ್ಲಿ ತಾ ಪ್ರೋಮ್ ದೇಗುಲ ಹೀಗೇ ಉಳಿದದ್ದು. ಕಾಡಿನಿಂದ ಬಿಡಿಸುವಾಗ ಫ್ರೆಂಚ್ ಪುರಾತತ್ವದವರು ಅದೊಂದನ್ನು ಹೆಚ್ಚು ಕಡಿಮೆ ಸಿಕ್ಕ ಹಾಗೇ ಬಿಟ್ಟರು. ಈಗ ಜನ ನೋಡಲು ಬರುವುದೇ ಕಲ್ಲನ್ನು ತಬ್ಬಿದ ಆ ಬೇರುಗಳನ್ನು. ಆದರೆ ಹಾಗೆ ಬಿಡುವುದು ಅಂದರೆ ಸುಮ್ನೆ ಬಿಡುವುದಲ್ಲ. ಅಲ್ಲಿ ಮರಕ್ಕೂ ಆಸರೆ ಕೊಡಬೇಕು, ಕಲ್ಲಿಗೂ ಕೊಡಬೇಕು, ದಿನವೂ ಕಾಯಬೇಕು.

ಈಗ ಕಳೆದ ವರ್ಷದ ಬೆಂಕಿ. ಬೈಯುತ್ತಿಲ್ಲ, ಎಲ್ಲ ಕಡೆ ಇದೇ ಮಾಡುತ್ತಾರೆ. ಆದರೆ ಆ ಗೋಡೆಯನ್ನು ಒಂದು ಸಲ ಹೋಗಿ ನೋಡಿ. ಕಲ್ಲು ಕೆಂಪು ತಿರುಗಿದೆಯಾ? ಕಲ್ಲಿನಲ್ಲಿ ಕಬ್ಬಿಣದ ಅಂಶ ಇದ್ದರೆ 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೇ ಬಣ್ಣ ಬದಲಾಗುತ್ತದೆ. ಆ ಬಣ್ಣ ತೊಳೆದರೆ ಹೋಗುವುದಿಲ್ಲ. ಗ್ರಾನೈಟ್, ಮರಳುಗಲ್ಲುಗಳಲ್ಲಿ ಇರುವ ಕ್ವಾರ್ಟ್ಜ್ ಹರಳು 573 ಡಿಗ್ರಿಯಲ್ಲಿ ಏಕಾಏಕಿ ಹಿಗ್ಗುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕುಗಳಾಗಿ, ಮುಂದೆ ಮೇಲ್ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸುಣ್ಣದ ಕಲ್ಲನ್ನು ಇನ್ನೂ ಜಾಸ್ತಿ ಕಾಯಿಸಿದರೆ ಅದು ಸುಣ್ಣವೇ ಆಗಿಬಿಡುತ್ತದೆ, ಗೂಡಿನಲ್ಲಿ ಸುಣ್ಣ ಸುಡುವುದು ಹೀಗೇ ಅಲ್ವಾ. ಒಣಗಿದ ಲಂಟಾನ, ಜಾಲಿ ರಾಶಿ ಚೆನ್ನಾಗಿ ಹೊತ್ತಿಕೊಂಡರೆ ಇಷ್ಟು ಬಿಸಿ ಏರುವುದು ಕಷ್ಟವಲ್ಲ. ಕಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಫೋಟೋ ತೆಗೆದು ಉಸ್ತುವಾರಿ ಇಲಾಖೆಗೆ ಕೊಡಿ. ಮುಚ್ಚಿಡಬೇಡಿ.

ಅಷ್ಟು ಸುಟ್ಟೂ ಲಂಟಾನ ಜಾಸ್ತಿ ಬಂತು ಅಂದಿರಿ. ಬರಲೇಬೇಕು. ಬೆಂಕಿ ಮೇಲಿನ ಕಡ್ಡಿ ಸುಟ್ಟಿತು, ಮಣ್ಣಿನೊಳಗಿನ ಬುಡ ಹಾಗೇ ಇತ್ತು. ಸುತ್ತಲಿನ ಹುಲ್ಲು ಹೋಗಿ ಬಿಸಿಲು ಧಾರಾಳವಾಗಿ ಸಿಕ್ಕಿತು. ನೀವು ಅದಕ್ಕೆ ಹೊಲ ಹದ ಮಾಡಿಕೊಟ್ಟ ಹಾಗಾಯಿತು.

ಉಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ನೀರಿನಲ್ಲಿ ಕರಗಿದ ಉಪ್ಪು ಕಲ್ಲಿನ ಸಣ್ಣ ರಂಧ್ರಗಳಿಗೆ ಹೋಗುತ್ತದೆ. ಒಣಗಿದಾಗ ಹರಳುಗಟ್ಟಿ ಒಳಗಿನಿಂದ ತಳ್ಳುತ್ತದೆ. ಮಳೆಗೆ ಮತ್ತೆ ಕರಗುತ್ತದೆ, ಬಿಸಿಲಿಗೆ ಮತ್ತೆ ಹರಳಾಗುತ್ತದೆ. ಗಿಡ ಸತ್ತ ಎಷ್ಟೋ ವರ್ಷಗಳ ಮೇಲೂ ಗೋಡೆ ಪುಡಿಯಾಗುತ್ತಲೇ ಇರುತ್ತದೆ. ಆಸಿಡ್ ಸುಣ್ಣದ ಗಾರೆಯನ್ನು ಕರಗಿಸುತ್ತದೆ, ಅಂದರೆ ಬೇರು ಮಾಡಬೇಕಾದ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್ ಸಲಹೆಗಳೂ ಬರುತ್ತವೆ. ಅದೇ ಬುಟ್ಟಿಗೆ ಹಾಕಿ.

ನೆಲಕ್ಕೆ ಬರೋಣ. ಜೆಸಿಬಿ ಯಾಕೆ ಬೇಡ ಅಂದರೆ, ಹಳೆಯ ಜಾಗದಲ್ಲಿ ಮಣ್ಣು ಬರೀ ಮಣ್ಣಲ್ಲ. ಒಂದರ ಮೇಲೊಂದು ಪದರ ಇರುತ್ತದೆ. ಮಡಕೆ ಚೂರು, ಬೂದಿ, ನೆಲಗಟ್ಟು ಯಾವ ಪದರದಲ್ಲಿ ಸಿಕ್ಕಿತು ಅನ್ನುವುದರಿಂದಲೇ ಕಾಲ ಗೊತ್ತಾಗುವುದು. ಯಂತ್ರ ಒಂದು ಬೊಡ್ಡೆ ಕಿತ್ತರೆ ನಾಲ್ಕು ಪದರ ಕಲಸಿಹೋಗುತ್ತದೆ. ಜೊತೆಗೆ ಕದಡಿದ ಮಣ್ಣು ಪಾರ್ಥೇನಿಯಂಗೆ ಹಬ್ಬದೂಟ.

ಲಂಟಾನಕ್ಕೆ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ಒಂದು ಸರಳ ವಿಧಾನವಿದೆ. ಪೊದೆಯ ತಾಯಿಬೇರನ್ನು ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಚಿಗುರೊಡೆಯುವ ಬುಡದ ಭಾಗದ ಅಡಿಗೆ ಕತ್ತರಿಸಬೇಕು. ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಬುಡಕ್ಕೆ ಮಣ್ಣು ತಾಗದೆ ಒಣಗಿಹೋಗುತ್ತದೆ. ನೆಲ ಅಗೆಯುವುದು ಒಂದು ಅಂಗೈ ಆಳ, ಅಷ್ಟೇ. ಕಾಯಿ ಕಪ್ಪಾಗುವ ಮೊದಲೇ ಈ ಕೆಲಸ ಮುಗಿಸಿ. ಇಲ್ಲದಿದ್ದರೆ ಹಕ್ಕಿಗಳು ಬೀಜವನ್ನು ಇನ್ನಷ್ಟು ಕಡೆ ಮುಟ್ಟಿಸುತ್ತವೆ. ಅಷ್ಟು ಅಗೆಯುವುದಕ್ಕೂ ಪುರಾತತ್ವದವರ ಒಪ್ಪಿಗೆ ಬೇಕು. ಅವರು ಬೇಡ ಅಂದ ಜಾಗದಲ್ಲಿ ನೆಲಮಟ್ಟಕ್ಕೆ ಕೊಯ್ದು, ಗೋಡೆಗೆ ಹೇಳಿದ ಹಾಗೆ ಬ್ರಷ್ ಹಿಡಿಯಿರಿ.

ಜಾಲಿ ಇನ್ನೂ ಹಟಮಾರಿ. ಒಂದು ಕಾಂಡ ಕಡಿದರೆ ಹತ್ತು ಬರುತ್ತದೆ, ಮುಳ್ಳಿನ ಸಮೇತ. ಚಿಗುರುವ ಮೊಗ್ಗು ಮಣ್ಣಿನೊಳಗೆ ಇರುವುದರಿಂದ ಮೇಲಿಂದ ಕಡಿಯುವುದು ವ್ಯರ್ಥ. ಕೋಟೆಯೊಳಗೆ ಆಳಕ್ಕೆ ಅಗೆಯುವ ಹಾಗೂ ಇಲ್ಲ. ಕೊಯ್ಯುವುದು, ಕೂಡಲೇ ಸವರುವುದು, ಮತ್ತೆ ಬಂದು ನೋಡುವುದು. ಬೇರೆ ದಾರಿ ನನಗೆ ಕಂಡಿಲ್ಲ. ಅದರ ಕಾಯಿ ತಿನ್ನುವ ದನ, ಮೇಕೆಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಹಾಗೇ ಹೊರಬಂದು ಮೊಳೆಯುತ್ತದೆ. ಕಾಯಿಯ ಕಾಲದಲ್ಲಿ ಅವನ್ನು ಒಳಗೆ ಬಿಡದಿದ್ದರೆ ನಿಮ್ಮ ಕೆಲಸ ಎಷ್ಟೋ ಹಗುರ.

ಪಾರ್ಥೇನಿಯಂ ಕೀಳಲು ಕಷ್ಟವಿಲ್ಲ, ಕೀಳುವವರಿಗೆ ಕಷ್ಟ. ಚರ್ಮದ ಅಲರ್ಜಿ, ಕೆಲವರಿಗೆ ಉಬ್ಬಸ. ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಮೊದಲೇ ಅಲರ್ಜಿ ಇರುವವರಿಗೆ ಫೋಟೋ ತೆಗೆಯುವ ಕೆಲಸ ಕೊಡಿ. ಒಂದು ಬೆಳೆದ ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು. ಹಾಗಾಗಿ ಹೂ ಬಿಡುವ ಮೊದಲೇ, ನೆಲ ಒದ್ದೆ ಇರುವಾಗ ಬೇರು ಸಮೇತ ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತು ಅಲ್ಲೇ ಎಸೆದರೆ ನೀವೇ ಬಿತ್ತಿದ ಹಾಗೆ. ಹೊರಡುವಾಗ ಬೂಟಿನ ಮಣ್ಣು ಕೊಡವಿ.

ಇನ್ನು ಎಲ್ಲಿಂದ ಶುರು ಅನ್ನುವ ನಿಮ್ಮ ನಿಜವಾದ ಪ್ರಶ್ನೆ. ಎಲ್ಲರಿಗೂ ಅತಿ ದಟ್ಟ ಪೊದೆಗೆ ಮೊದಲು ಕೈ ಹಾಕುವ ಆಸೆ, ಯಾಕಂದರೆ ಫೋಟೋದಲ್ಲಿ ಬದಲಾವಣೆ ಚೆನ್ನಾಗಿ ಕಾಣುತ್ತದೆ. ನನ್ನ ಸಲಹೆ ಉಲ್ಟಾ. ಕಳೆ ಕಡಿಮೆ ಇರುವ, ಒಳ್ಳೆಯ ಹುಲ್ಲು ಇನ್ನೂ ಉಳಿದಿರುವ ಮೂಲೆಯಿಂದ ಶುರು ಮಾಡಿ ದಟ್ಟಣೆಯ ಕಡೆ ಸಾಗಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಲ್ಲಿ ಹೀಗೆ ಕೈಯಲ್ಲೇ ಕಳೆ ಕಿತ್ತು ಕುರುಚಲು ಕಾಡನ್ನು ವಾಪಸ್ ತಂದರು. ಅವರ ಲೆಕ್ಕ ಸರಳ. ಚೆನ್ನಾಗಿರುವ ಕಡೆಯಿಂದ ಹೊರಡು, ಮಣ್ಣು ಕದಡಬೇಡ, ಖಾಲಿಯಾದ ಜಾಗವನ್ನು ಅಲ್ಲಿನ ಗಿಡಗಳು ತುಂಬುವಷ್ಟು ವೇಗದಲ್ಲಿ ಮಾತ್ರ ಮುಂದೆ ಹೋಗು. ಹನ್ನೆರಡು ಜನರಿಗೆ ಇದಕ್ಕಿಂತ ಹೊಂದುವ ಕ್ರಮ ಇಲ್ಲ. ಒಂದು ವರ್ಷಕ್ಕೆ ಒಂದು ಅಂಗಳ. ಮುಂದಿನ ವರ್ಷ ಮೊದಲು ಅದೇ ಅಂಗಳಕ್ಕೆ ಮತ್ತೆ ಹೋಗಿ, ಆಮೇಲೆ ಪಕ್ಕದ್ದು. ಕಡಿಮೆ ಅಂದರೂ ಮೂರು ವರ್ಷ ಒಂದೇ ಜಾಗಕ್ಕೆ ವಾಪಸ್ ಬರಲು ಆಗದಿದ್ದರೆ ಆ ಜಾಗ ಮುಟ್ಟಬೇಡಿ ಅನ್ನುವಷ್ಟು ನಾನು ಈ ವಿಷಯದಲ್ಲಿ ಮೊಂಡ.

ಹೊಂಡದ ವಾಟರ್ ಹಯಸಿಂತ್ ಅನುಕೂಲ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗುತ್ತದೆ. ಅರ್ಧ ತೆಗೆದು ಮುಂದಿನ ತಿಂಗಳು ಉಳಿದದ್ದು ನೋಡೋಣ ಅಂದರೆ ಲೆಕ್ಕ ಅಲ್ಲಿಗೇ ಬಂತು. ತೆಗೆಯುವುದಾದರೆ ಒಂದೇ ಪಟ್ಟಿಗೆ ತೆಗೆದು, ವಾರಕ್ಕೊಮ್ಮೆ ಉಳಿದ ಚೂರುಗಳನ್ನು ಬಲೆಯಲ್ಲಿ ಹಿಡಿಯಿರಿ. ರಾಶಿಯನ್ನು ದಂಡೆಯಲ್ಲಿ ಬಿಡಬೇಡಿ. ಕೊಳೆತ ರಸ ವಾಪಸ್ ನೀರಿಗಿಳಿದು ಅದಕ್ಕೇ ಗೊಬ್ಬರವಾಗುತ್ತದೆ. ಕೊಳಚೆ ನೀರು ಎಲ್ಲಿಂದಾದರೂ ಸೇರುತ್ತಿದೆಯಾ ನೋಡಿ. ಅದು ನಿಲ್ಲದೆ ಈ ಗಿಡ ನಿಲ್ಲುವುದಿಲ್ಲ. ಹೊಂಡ ಬಸಿದು ಒಣಗಿಸುವ ಯೋಚನೆ ಬಂದರೆ ತಡೆಯಿರಿ. ಪಕ್ಕದ ಕಲ್ಲುಗೋಡೆಯ ಹಿಂದೆ ನೆನೆದ ಮಣ್ಣು ಇರುತ್ತದೆ, ಮುಂದೆ ನೀರಿನ ಒತ್ತು ಇರುತ್ತದೆ. ನೀರನ್ನು ಒಮ್ಮೆಲೇ ತೆಗೆದರೆ ಗೋಡೆ ಮುಂದಕ್ಕೆ ಜರಿಯಬಹುದು.

ಒಂದು ಮಾತು ಸೇರಿಸಬೇಕು. ಕೋಟೆಯನ್ನು ಬೋಳು ಮಾಡುವುದು ಗುರಿ ಅಲ್ಲ. ಗೋಡೆಯ ಬುಡದಲ್ಲಿ ಮಣ್ಣು ಬರಿದಾದರೆ ಮಳೆ ಅದನ್ನು ಕೊಚ್ಚಿ ಅಡಿಪಾಯ ತೆರೆದಿಡುತ್ತದೆ. ಕಳೆ ತೆಗೆದ ವಾರದಲ್ಲೇ ಅಲ್ಲಿನದೇ ಹುಲ್ಲಿನ ಬೀಜ ಚೆಲ್ಲಿ. ಬ್ರಿಟನ್ನಿನಲ್ಲಿ ಕೆಲವು ಪಾಳು ಗೋಡೆಗಳ ನೆತ್ತಿಗೆ ಮಣ್ಣು ಮತ್ತು ಹುಲ್ಲಿನ ಹೊದಿಕೆಯನ್ನು ಬೇಕೆಂದೇ ಹಾಕುತ್ತಾರೆ, ಮಳೆ ಬಿಸಿಲುಗಳ ಹೊಡೆತ ಕಡಿಮೆಯಾಗಲಿ ಅಂತ. ಆಕ್ಸ್‌ಫರ್ಡ್‌ನ ಹೆದರ್ ವೈಲ್ಸ್ ಅವರ ತಂಡ ಗೋಡೆಗೆ ಹಬ್ಬುವ ಐವಿ ಬಳ್ಳಿಯನ್ನು ಅಳೆದು ನೋಡಿತ್ತು. ಬಳ್ಳಿ ಗೋಡೆಯ ಬಿಸಿ-ತಂಪಿನ ಏರಿಳಿತ ತಗ್ಗಿಸುತ್ತದೆ ಅಂತ ಕಂಡಿತು. ಬಿರುಕಿನೊಳಗೆ ಬೇರು ಇಳಿದ ಕಡೆ ಮಾತ್ರ ಹಾನಿ. ನೆಲದ ಹುಲ್ಲಿಗೂ ಸಂದಿನ ಅರಳಿಗೂ ಒಂದೇ ಶಿಕ್ಷೆ ಬೇಡ.

ಆದ್ದರಿಂದ ಕೀಳುವ ಮೊದಲು ಬರೆದಿಡಿ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ರೋಮಿನ ಕೊಲೋಸಿಯಂ ಒಂದರಲ್ಲೇ 420 ಜಾತಿಯ ಸಸ್ಯಗಳನ್ನು ಪಟ್ಟಿ ಮಾಡಿದ್ದ. ಮುಂದಿನ ದಶಕಗಳಲ್ಲಿ ಪುರಾತತ್ವದವರು ಹೆಚ್ಚಿನದನ್ನು ಕಿತ್ತು ಶುಭ್ರ ಮಾಡಿದರು. ಅಲ್ಲಿ ಏನಿತ್ತು ಅಂತ ಈಗ ನಮಗೆ ತಿಳಿಯುವುದು ಆ ಪಟ್ಟಿಯಿಂದ. ನಿಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. ಒಂದು ನಕ್ಷೆ, ಗಿಡದ ಹೆಸರು, ದಪ್ಪ, ಫೋಟೋ ಸಾಕು. ಬಾವಲಿ, ಹಕ್ಕಿ ಗೂಡುಗಳನ್ನೂ ಗುರುತು ಮಾಡಿ, ಮರಿಗಳ ಕಾಲದಲ್ಲಿ ಆ ಕಡೆ ಹೋಗಬೇಡಿ. ಸಾಲಾಗಿ ನಿಂತ ಹಳೆಯ ಮರಗಳಿದ್ದರೆ ಅವನ್ನು ಯಾರೋ ನೆಟ್ಟಿರಬಹುದು, ವಿದೇಶಿ ಜಾತಿಯಾದರೂ ಅದೂ ಜಾಗದ ಚರಿತ್ರೆ. ಹಾಗಂತ ಎಲ್ಲವನ್ನೂ ಉಳಿಸಲೂ ಆಗದು. ಬ್ರಿಟನ್ನಿನ ಹಳೆಯ ಎಸ್ಟೇಟುಗಳಲ್ಲಿ ಚೆಂದಕ್ಕೆ ಅಂತ 18ನೇ ಶತಮಾನದಲ್ಲಿ ತಂದ ಒಂದು ಜಾತಿಯ ರೋಡೊಡೆಂಡ್ರಾನ್ ತೋಟ ದಾಟಿ ಕಾಡಿಗೆ ನುಗ್ಗಿದೆ. ಅಲ್ಲಿ ಈಗ ಅದನ್ನು ಕಡಿಯಲೇಬೇಕಾಗಿದೆ. ಇಂಥ ತೀರ್ಮಾನ ನಿಮ್ಮ ತಂಡದ ಮೇಲೆ ಬೀಳದಿರಲಿ. ಉಸ್ತುವಾರಿ ಇಲಾಖೆಯ ಲಿಖಿತ ಒಪ್ಪಿಗೆ ಪಡೆದು, ಅವರ ಮುಂದೆ ಪಟ್ಟಿ ಇಟ್ಟು ಕೇಳಿ.

ಈ ವಾರ ಒಂದೇ ಕೆಲಸ ಮಾಡಿ. ಗೋಡೆಯಲ್ಲಿರುವ ಪ್ರತಿ ಗಿಡದ ಬುಡಕ್ಕೆ ಒಂದು ಸ್ಕೇಲ್ ಹಿಡಿದು, ಬಿರುಕಿನ ಅಗಲ ಕಾಣುವ ಹಾಗೆ ಫೋಟೋ ತೆಗೆಯಿರಿ. ನಿಂತ ಜಾಗವನ್ನು ನಕ್ಷೆಯಲ್ಲಿ ಬರೆದುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಎರಡರ ನಡುವೆ ಅಗಲವಾದ ಬಿರುಕು ಯಾವುದೋ, ಎಂಜಿನಿಯರನ್ನು ಮೊದಲು ಕರೆದೊಯ್ಯಬೇಕಾದ್ದು ಅಲ್ಲಿಗೆ.